ಜೋಡುಗುಡ್ಡದ ಸುಣ್ಣದ ಗೆರೆ

ಕೋವಿಡ್ ಗದ್ದಲ ಮುಗಿದು ಎರಡನೇ ವರ್ಷ. ಮಸ್ಕಿಗೂ ಲಿಂಗಸುಗೂರಿಗೂ ನಡುವಿನ ಜೋಡುಗುಡ್ಡದ ಉದ್ಯಾನದಲ್ಲಿ ಚಾರಣದ ಕಾಲುದಾರಿ ಮಾಡಿಸುವ ಉಸ್ತುವಾರಿ ನನ್ನ ಪಾಲಿಗೆ ಬಂತು. ನಾನು ಸಿಂಧನೂರಿನವನು, ಓದಿದ್ದು ಡಿಪ್ಲೊಮಾ. ಈ ಕೆಲಸಕ್ಕೂ ಮೊದಲು ಹನ್ನೊಂದು ವರ್ಷ ಕಾಲುವೆ ದಂಡೆಯ ಮೇಲೆ ಟೇಪು ಹಿಡಿದು ಓಡಾಡಿದ್ದೆ. ಸಪಾಟು ನೆಲ ಬಿಟ್ಟರೆ ಬೇರೇನೂ ಗೊತ್ತಿಲ್ಲದ ಮನುಷ್ಯ. ಗುಡ್ಡಕ್ಕೆ ಕಾಲಿಟ್ಟ ದಿನವೇ ಕೆಲಸದವರು ನನ್ನನ್ನು ‘ಇಂಜಿನೇರ್ ಸಾಹೇಬ್ರು’ ಎಂದು ಕರೆದರು. ನಾನು ತಿದ್ದಲಿಲ್ಲ. ಕರೆಸಿಕೊಳ್ಳಲು ಹಿತವಾಗಿತ್ತು, ಸುಳ್ಳೇಕೆ ಹೇಳಲಿ.

ಗುಡ್ಡದ ದಾರಿ ಕೆಲಸ ವರ್ಷವಿಡೀ ನಡೆಯುವಂಥದ್ದಲ್ಲ. ಭತ್ತದ ಕೊಯ್ಲು ಮುಗಿದ ಮೇಲೆ ಶುರುವಾಗಿ, ಯುಗಾದಿಯ ಬಿಸಿಲು ಏರುವ ಮುನ್ನ ಮುಗಿಯಬೇಕು. ಆ ವರ್ಷ ಎರಡನೇ ಬೆಳೆಗೆ ಕಾಲುವೆ ನೀರು ಬಿಟ್ಟಿರಲಿಲ್ಲವಾದ್ದರಿಂದ ಗೊರೇಬಾಳ, ದಢೇಸುಗೂರಿನ ಕಡೆಯಿಂದ ಇಪ್ಪತ್ತೆರಡು ಜನ ಸಿಕ್ಕರು. ಮಾಡಬೇಕಾದ ದಾರಿ ಸಾವಿರದ ಎಂಟುನೂರು ಮೀಟರು. ಕಡಿದಾದ ಕಡೆ ನೇರ ಹತ್ತಿಸದೆ ಹಾವಿನ ಹಾಗೆ ಹೊರಳಿಸುವ ತಿರುವುಗಳಿಗೆ ಸ್ವಿಚ್‌ಬ್ಯಾಕ್ ಎನ್ನುತ್ತಾರೆ. ಮಳೆನೀರು ದಾರಿಯನ್ನು ಕೊಚ್ಚದಂತೆ ಅಡ್ಡಲಾಗಿ ಓರೆಗೆ ಹೂಳುವ ಕಲ್ಲುಸಾಲಿಗೆ ವಾಟರ್ ಬಾರ್. ಇವೆರಡನ್ನೂ ನಾನು ಮೊಬೈಲಿನಲ್ಲಿ ನೋಡಿ ಕಲಿತಿದ್ದೆ.

ಹೆಂಗಸರ ತಂಡಕ್ಕೆ ಗೊರೇಬಾಳದ ಯಲ್ಲಮ್ಮ ಮುಂದಾಳು. ಐವತ್ತರ ಹೆಂಗಸು. ಅವಳು ಎದ್ದರೆ ಎಲ್ಲರೂ ಎದ್ದರು, ಕೂತರೆ ಎಲ್ಲರೂ ಕೂತರು. ಕಲ್ಲಿನ ಕೆಲಸಕ್ಕೆ ಹುಸೇನ್ ಸಾಬರು. ಅವರು ಹಟ್ಟಿಯವರು, ಚಿನ್ನದ ಗಣಿಯೊಳಗೆ ಇಪ್ಪತ್ತೆಂಟು ವರ್ಷ ದುಡಿದು ನಿವೃತ್ತರಾದವರು. ಯಾವ ಬಂಡೆಯ ಹತ್ತಿರ ಹೋದರೂ ಮೊದಲು ಹಾರೆಯಿಂದ ಮೆಲ್ಲಗೆ ಬಡಿದು, ತಲೆ ವಾಲಿಸಿ ಕೇಳಿ, ಆಮೇಲೆ ಕಾಲಿಡುತ್ತಿದ್ದರು. ಮನೆಗೆ ಬಂದ ನೆಂಟರು ಬಾಗಿಲು ಬಡಿದ ಹಾಗೆ ಎಂದು ಹೆಂಗಸರು ನಗುತ್ತಿದ್ದರು. ಅವರೊಂದಿಗೆ ನಾನೂ ನಗುತ್ತಿದ್ದೆ.

ಎರಡು ಗುಡ್ಡ ಕೂಡುವ ಜಾಗದಲ್ಲಿ, ದಾರಿಯ ಏಳುನೂರನೇ ಮೀಟರಿನ ಹತ್ತಿರ, ಮುಂದಕ್ಕೆ ಚಾಚಿದ ಒಂದು ದೊಡ್ಡ ಬಂಡೆಯಿತ್ತು. ಅದರ ಕೆಳಗೆ ಐವತ್ತು ಜನ ಕೂರುವಷ್ಟು ನೆರಳು. ಅಷ್ಟು ನೆರಳು ಇಡೀ ಗುಡ್ಡದಲ್ಲಿ ಬೇರೆಲ್ಲೂ ಇರಲಿಲ್ಲ. ನನ್ನ ನಕಾಶೆಯಲ್ಲಿ ದಾರಿ ಅದರ ಕೆಳಗೇ ಹಾಯುತ್ತಿತ್ತು; ಚಾರಣಿಗರು ದಣಿವಾರಿಸಿಕೊಳ್ಳಲಿ ಎಂದು ನಾನೇ ಹಾಗೆ ಎಳೆದಿದ್ದೆ. ನಮ್ಮವರೂ ಮಧ್ಯಾಹ್ನ ಅಲ್ಲೇ ರೊಟ್ಟಿಗಂಟು ಬಿಚ್ಚುತ್ತಿದ್ದರು.

ಮೊದಲು ಕಣ್ಣಿಗೆ ಬಿದ್ದದ್ದು ಆಡುಗಳು. ಕುರುಬನೊಬ್ಬ ದಿನವೂ ಹನ್ನೆರಡರ ಸುಮಾರಿಗೆ ಆ ಕಡೆ ಹಾಯುತ್ತಿದ್ದ. ಅವನು ನೆರಳಿಗೆ ಬಂದು ನೀರು ಕೇಳಿ ಕುಡಿಯುತ್ತಿದ್ದ. ಅವನ ನಲವತ್ತು ಆಡುಗಳು ಮಾತ್ರ ನೆರಳಿನ ಅಂಚಿಗೆ ಬಂದು ನಿಲ್ಲುತ್ತಿದ್ದವು. ಸುಡುವ ಬಿಸಿಲಿನಲ್ಲಿ ಸಾಲಾಗಿ, ಬಾಯಾಡಿಸದೆ, ನಮ್ಮನ್ನೇ ನೋಡುತ್ತ. ಒಂದೂ ಒಳಗೆ ಬರುತ್ತಿರಲಿಲ್ಲ. ನಾನು ರೊಟ್ಟಿ ಚೂರು ಎಸೆದು ನೋಡಿದೆ. ಚೂರು ನೆರಳಿನೊಳಗೆ ಬಿತ್ತು. ಮುಂದಿದ್ದ ಆಡು ಕುತ್ತಿಗೆ ಚಾಚಿ ಮೂಸಿ ಹಿಂದೆ ಸರಿಯಿತು.

ಆಮೇಲೆ ಸದ್ದು. ಒಂದು ಗಂಟೆಯ ಆಸುಪಾಸಿಗೆ ತಲೆಯ ಮೇಲೆ ಎಲ್ಲೋ ಟಕ್ ಎನ್ನುತ್ತಿತ್ತು, ಯಾರೋ ಬೆರಳಿನ ನೆಟಿಕೆ ಮುರಿದಂತೆ. ಒಮ್ಮೊಮ್ಮೆ ಒಂದು, ಒಮ್ಮೊಮ್ಮೆ ಎರಡು. ಆಗ ಗಾಳಿಯೂ ಇರುತ್ತಿರಲಿಲ್ಲ. ಹೆಂಗಸರು ತುತ್ತು ಕೈಯಲ್ಲಿ ಹಿಡಿದೇ ನಿಲ್ಲಿಸುತ್ತಿದ್ದರು. ಇಬ್ಬರು ಮಾರನೇ ದಿನ ಕೆಲಸಕ್ಕೆ ಬರಲಿಲ್ಲ.

“ಸಾಹೇಬ್ರ, ಈ ಕಲ್ಲು ಮಾತಾಡಾಕತ್ತೈತ್ರಿ,” ಎಂದರು ಹುಸೇನ್ ಸಾಬರು. ತಂಬಾಕಿಗೆಂದು ಇಟ್ಟುಕೊಂಡಿದ್ದ ಸುಣ್ಣದ ಡಬ್ಬಿ ತೆಗೆದು, ಬಂಡೆಯ ಬುಡದಲ್ಲಿದ್ದ ಕೂದಲೆಳೆಯಷ್ಟು ಸೀಳಿನ ಮೇಲೆ ಅಡ್ಡಲಾಗಿ ಹೆಬ್ಬೆರಳಿನಿಂದ ಒಂದು ಗೆರೆ ಎಳೆದರು. ಗೆರೆಯ ತುದಿಯನ್ನು ಎಡಕ್ಕೆ ಕೊಕ್ಕೆಯ ಹಾಗೆ ತಿರುಗಿಸುವುದು ಅವರ ರೂಢಿ. ಮಾರನೇ ದಿನ ನೋಡಿದರೆ ಗೆರೆ ನಡುವೆ ಸೀಳಿತ್ತು. ಪಕ್ಕದಲ್ಲಿ ಇನ್ನೊಂದು ಎಳೆದರು, ಅದೂ ಸೀಳಿತು. ಹೀಗೆ ಏಳು ಗೆರೆಗಳಾದವು.

“ಸುಣ್ಣ ಒಣಗಿದರೆ ಬಿರಿಯುತ್ತೆ ಸಾಬ್ರೇ,” ಎಂದೆ ನಾನು.

“ಒಣಗಿ ಬಿರಿದ್ರ ಜೇಡರ ಬಲಿಯಂಗ ಬಿರಿತೈತ್ರಿ. ಇದು ನೋಡ್ರಿ, ಒಂದ ಸೀಳು. ಗಣಿಯೊಳಗ ಹಿಂಗ ಆತಂದ್ರ ನಾವು ಊಟದ ಡಬ್ಬಿನೂ ತಗೋತಿದ್ದಿಲ್ಲ, ಓಡತಿದ್ವಿ.”

ಜನರ ಮುಂದೆ ಈ ಮಾತು ಆಡಬೇಡಿ, ಇರುವವರೂ ಓಡಿಹೋಗುತ್ತಾರೆ ಎಂದು ಗದರಿದೆ. ಅವರು ಸುಣ್ಣದ ಡಬ್ಬಿ ಮುಚ್ಚಿ ಜೇಬಿಗಿಟ್ಟರು. ಅದೇ ವಾರ ಕಣ್ಣಿನ ಪೊರೆ ತೆಗೆಸಿಕೊಳ್ಳಲು ಹಟ್ಟಿಗೆ ಹೋದರು. ಹೋಗುವಾಗ, “ನೆಳ್ಳಿಗೆ ಕುಂದರಬ್ಯಾಡ್ರಿ,” ಎಂದಷ್ಟೇ ಹೇಳಿದರು.

ಎರಡು ದಿನ ಕಳೆದು ಗುಡ್ಡ ಹತ್ತಿದಾಗ ಏಳೂ ಗೆರೆಗಳ ಮೇಲೆ ಕುಂಕುಮವಿತ್ತು. ಕೆಳಗೆ ಒಡೆದ ತೆಂಗಿನಕಾಯಿ, ಊದಿನಕಡ್ಡಿ. ನಮ್ಮ ಕಡೆ ಬಂಡೆಗೆ ಸುಣ್ಣ ಬಳಿದದ್ದು ಕಂಡರೆ ಅದು ದೇವರ ಕಲ್ಲು ಎಂದೇ ಲೆಕ್ಕ. ಯಾರು ಬಳಿದರು ಎಂದು ಯಾರೂ ಕೇಳುವುದಿಲ್ಲ. ಅದರಲ್ಲೂ ಏಳು ಗೆರೆ. ಯಲ್ಲಮ್ಮ ಸೆರಗು ಹೊದ್ದು ನನಗೆ ವಿವರಿಸಿದಳು. “ಏಳು ಮಂದಿ ಅಕ್ಕತಂಗ್ಯಾರ್ರೀ ಸಾಹೇಬ್ರ. ಮೊದ್ಲ ಬಾಯಿ ಮುಚ್ಚಿದ್ರು, ಈಗ ನೋಡ್ರಿ, ಬಾಯಿ ಬಿಟ್ಟಾರ. ಮಧ್ಯಾಹ್ನ ಮಾತಾಡತಾರಲ್ಲ, ಅವರ ಅವ್ರು.”

ದೂರ ಇರಿ ಎಂದು ಎಳೆದ ಗೆರೆಗಳು ಹತ್ತಿರ ಬನ್ನಿ ಎಂದು ಕರೆಯತೊಡಗಿದ್ದವು. ಇಲ್ಲಿ ನಾನು ಮಾಡಿದ್ದನ್ನು ಮುಚ್ಚಿಡದೆ ಹೇಳಬೇಕು. ನಾನು ಅವಳನ್ನು ತಡೆಯಲಿಲ್ಲ. ತಡೆಯುವುದೇನು, ಖುಷಿಪಟ್ಟೆ. ಜನರ ಹೆದರಿಕೆ ಹೋಗಿತ್ತು, ಬಿಟ್ಟುಹೋದ ಇಬ್ಬರೂ ಮರಳಿ ಬಂದಿದ್ದರು. ದಿನಕ್ಕೆ ಹನ್ನೆರಡು ಮೀಟರು ಸಾಗುತ್ತಿದ್ದ ದಾರಿ ಇಪ್ಪತ್ತು ಮೀಟರು ಸಾಗತೊಡಗಿತು. ಯಲ್ಲಮ್ಮ ಕೇಳಿದಳೆಂದು ಬಂಡೆಯ ಬುಡಕ್ಕೆ ಒಂದು ಕಲ್ಲಿನ ಕಟ್ಟೆಯನ್ನೂ ಕಟ್ಟಿಸಿದೆ. ಮಂಗಳವಾರ, ಶುಕ್ರವಾರ ಸುತ್ತಲಿನ ಊರವರು ಬರತೊಡಗಿದರು. ಕುಂಕುಮ ಹಚ್ಚುವಾಗ ಒಂದು ಗೆರೆ ಅಳಿಸಿಹೋಗಿತ್ತು. ಅದರ ಜಾಗದಲ್ಲಿ ನಾನೇ ಸಿಮೆಂಟಿನ ಗೆರೆ ಎಳೆದೆ. ಸಿಮೆಂಟು ಸೀಳುವುದಿಲ್ಲ, ಸಾಬರು ಬಂದಾಗ ತೋರಿಸಿ ಬಾಯಿ ಮುಚ್ಚಿಸಬಹುದು ಎಂಬ ಹುಮ್ಮಸ್ಸು ನನ್ನದು.

ಅದಾದ ಮೊದಲ ಶುಕ್ರವಾರ ಹನ್ನೆರಡೂವರೆಗೆ ಕಟ್ಟೆಯ ಅಳತೆಗೆಂದು ಹೋದೆ. ಬಂಡೆಯ ಕೆಳಗೆ ನಮ್ಮವರೂ ಊರವರೂ ಸೇರಿ ನಲವತ್ತು ಜನರಿದ್ದರು. ನನ್ನ ಸಿಮೆಂಟಿನ ಗೆರೆ ಒಂದೇ ಸೀಳಾಗಿ ಎರಡು ತುಂಡಾಗಿತ್ತು. ಬಗ್ಗಿ ನೋಡುತ್ತಿದ್ದಂತೆ ಸೀಳಿನ ಅಂಚಿನಿಂದ ಸಿಮೆಂಟಿನ ಪುಡಿ ಒಂದೊಂದೇ ಕಾಳಾಗಿ ಉದುರಿತು. ಯಾರೂ ಮುಟ್ಟಿರಲಿಲ್ಲ. ಕಿವಿಯ ಮೇಲಿದ್ದ ಪೆನ್ಸಿಲ್ ತೆಗೆದು ಸೀಳಿಗೆ ಇಟ್ಟೆ. ಹೋಯಿತು. ಇನ್ನಷ್ಟು ತಳ್ಳಿದೆ, ಪೂರಾ ಹೋಯಿತು. ಕೈ ಬಿಟ್ಟೆ. ಅದು ಬಿದ್ದ ಸದ್ದು ಕೇಳಿಸಲೇ ಇಲ್ಲ.

ತಟ್ಟನೆ ಎದ್ದು ನಿಂತೆ. ಎಲ್ಲರೂ ಹೊರಗೆ ಬನ್ನಿ, ಬಂಡೆ ಬೀಳುತ್ತದೆ ಎಂದು ಕೂಗಿದೆ. ಯಾರೂ ಅಲುಗಲಿಲ್ಲ. ಎಲ್ಲರೂ ಯಲ್ಲಮ್ಮನ ಮುಖ ನೋಡಿದರು.

“ತಾಯಿ ಕೆಳಗ ಕುಂತೀವಿ. ತಾಯಿ ನಮ್ಮ ಮ್ಯಾಲ ಬೀಳತಾಳೇನ್ರಿ?” ಎಂದಳು ಅವಳು.

“ಯಲ್ಲಮ್ಮಾ, ಆ ಗೆರೆ ದೇವರದ್ದಲ್ಲ. ಹುಸೇನ್ ಸಾಬರು ಎಳೆದದ್ದು. ನಾನೇ ನೋಡಿದ್ದೇನೆ.”

“ಯಾರ ಕೈಲಿ ಹಚ್ಚಿಸ್ಯಾಳ ಅಂತ ಹುಡುಕಾಕ ಹೋಗಬಾರದ್ರಿ ಸಾಹೇಬ್ರ,” ಎಂದು ಅವಳು ದೀಪಕ್ಕೆ ಎಣ್ಣೆ ಹಾಕಿದಳು. ಕಟ್ಟೆ ಕಟ್ಟಿಸಿದವನೇ ಎದ್ದು ಹೋಗಿ ಎಂದರೆ ಯಾರು ಕೇಳುತ್ತಾರೆ?

ಹಟ್ಟಿಗೆ ಫೋನು ಮಾಡಿದೆ. ಹುಸೇನ್ ಸಾಬರು ಒಂದೇ ಮಾತು ಕೇಳಿದರು, “ಎಷ್ಟು ಅಗಲ ಆಗೈತ್ರಿ?” ಪೆನ್ಸಿಲ್ಲಿನ ವಿಷಯ ಹೇಳಿದೆ. ಅಳಿಯನ ಬೈಕಿನಲ್ಲಿ ಹೊರಟರು. ಅವರು ಬರುವವರೆಗಿನ ಒಂದೂವರೆ ಗಂಟೆ ನಾನು ಬಂಡೆಯ ಕೆಳಗೇ ಕುಳಿತೆ. ಧೈರ್ಯದಿಂದಲ್ಲ, ನಾಚಿಕೆಯಿಂದ. ಹೊರಗೆ ನಿಂತು ಆ ಜನರನ್ನು ನೋಡುವ ಮುಖ ನನಗಿರಲಿಲ್ಲ. ನೆರಳಿನ ಅಂಚಿನಲ್ಲಿ ಆಡುಗಳು ಬಂದು ನಿಂತವು. ಮೂರು ಸಲ ಟಕ್ ಎಂದಿತು. ಒಂದೊಂದು ಸಲವೂ ಹೆಂಗಸರು ಕೈ ಮುಗಿದರು, ನಾನು ಕಣ್ಣು ಮುಚ್ಚಿದೆ. ಮನೆಯವಳ ಮುಖ ನೆನಪಿಗೆ ಬಂತು. ಅವಳಿಗೆ ಫೋನು ಮಾಡಬೇಕೆನಿಸಿತು, ಏನು ಹೇಳಲಿ ಎಂದು ತಿಳಿಯದೆ ಬಿಟ್ಟೆ.

ಹುಸೇನ್ ಸಾಬರು ಒಂದು ಕಣ್ಣಿಗೆ ಹಸಿರು ಬಟ್ಟೆ ಕಟ್ಟಿಕೊಂಡು ಹತ್ತಿ ಬಂದರು. ಕೂಗಲಿಲ್ಲ, ಯಾರನ್ನೂ ಹೆದರಿಸಲಿಲ್ಲ. ಚಪ್ಪಲಿ ಬಿಟ್ಟು ಒಳಗೆ ಬಂದು, “ಯಲ್ಲಮ್ಮಕ್ಕ, ಸ್ವಲ್ಪ ಈ ಕಡೆ ಬರ್ರಿ,” ಎಂದರು. ಹೊರಗೆ ಇಪ್ಪತ್ತು ಹೆಜ್ಜೆ ದೂರದ ಬೇರೊಂದು ಬಂಡೆಯ ಮೇಲೆ ಅವಳ ಅಂಗೈ ಇರಿಸಿ, ಹಾರೆಯಿಂದ ಬಡಿದರು. ಠಣ್ ಎಂದಿತು. ಮತ್ತೆ ಒಳಗೆ ಕರೆತಂದು, ನೆರಳುಬಂಡೆಯ ಮೇಲೆ ಅವಳ ಅಂಗೈ ಇರಿಸಿ, ಹಾರೆಯ ಮೊಂಡು ತುದಿಯಿಂದ ಒಂದೇ ಸಲ ಮುಟ್ಟಿಸಿದರು. ಖಾಲಿ ಕೊಡದ ಸದ್ದು ಬಂತು. ಬಂಡೆಯೊಳಗೆ ಅದು ಬಹಳ ಹೊತ್ತು ಉಳಿಯಿತು.

ಯಲ್ಲಮ್ಮ ಕೈ ತೆಗೆಯಲಿಲ್ಲ. “ಒಳಗ ಏನೂ ಇಲ್ಲಲ್ರೀ ಮಾಮಾ,” ಎಂದಳು ಸಣ್ಣ ದನಿಯಲ್ಲಿ.

“ಅಕ್ಕತಂಗ್ಯಾರು ಹೊಂಟಾರವ್ವ. ಕೆಳಗ ಹೋಗಾಕ ನಿಂತಾರ. ನಾವು ದಾರಿಗೆ ಅಡ್ಡ ಕುಂತೀವಿ. ದಾರಿ ಬಿಡೂನು.”

ಅವಳು ದೀಪ ಎತ್ತಿಕೊಂಡಳು. “ಏಳ್ರಬೇ, ತಾಯಿಗೆ ದಾರಿ ಬಿಡ್ರಿ,” ಎಂದಳು. ನಲವತ್ತು ಜನ ಬಂಡೆಗೆ ಬೆನ್ನು ತೋರಿಸದೆ, ಒಂದೊಂದೇ ಹೆಜ್ಜೆ ಹಿಂದೆ ಸರಿಯುತ್ತ ಬಿಸಿಲಿಗೆ ಬಂದರು. ಕೊನೆಗೆ ನೋಡಿದರೆ, ದಿನವೂ ಆಡುಗಳು ನಿಲ್ಲುತ್ತಿದ್ದ ಜಾಗದಲ್ಲಿ ನಾವೆಲ್ಲ ಸಾಲಾಗಿ ನಿಂತು ಖಾಲಿ ನೆರಳನ್ನು ನೋಡುತ್ತಿದ್ದೆವು.

ಅವತ್ತು ಬಂಡೆ ಬೀಳಲಿಲ್ಲ. ಎರಡೂ ಕಡೆ ಜಾಲಿಮುಳ್ಳು ಹಾಕಿಸಿ ದಾರಿ ಕಟ್ಟಿದೆವು. ಮುಂದಿನ ಮಂಗಳವಾರ, ಮಧ್ಯಾಹ್ನ ಒಂದು ಗಂಟೆ ದಾಟಿ ಹತ್ತು ನಿಮಿಷಕ್ಕೆ, ಗುಡ್ಡದ ಬುಡದಲ್ಲಿ ಊಟಕ್ಕೆ ಕೂತಿದ್ದಾಗ ನೆಲ ಅದುರಿತು. ದೂಳು ಅಡಗಿದ ಮೇಲೆ ಹತ್ತಿ ನೋಡಿದರೆ ನಾನು ಕಟ್ಟಿಸಿದ ಕಟ್ಟೆಯ ಒಂದು ಕಲ್ಲೂ ಕಾಣಲಿಲ್ಲ. ಯಲ್ಲಮ್ಮ ಕುಂಕುಮ ಎರಚಿ ಕೈ ಮುಗಿದಳು. ಹಟ್ಟಿಗೆ ಮರಳದೆ ನಮ್ಮೊಂದಿಗೇ ಉಳಿದಿದ್ದ ಹುಸೇನ್ ಸಾಬರ ಕಾಲಿಗೆ ನಾನು ಬಗ್ಗಿದೆ. “ಏನ್ ಮಾಡಾಕತ್ತೀರಿ ಸಾಹೇಬ್ರ,” ಎಂದು ಅವರು ಹಿಂದೆ ಸರಿದರು. ಅವತ್ತೇ ಎಲ್ಲರ ಮುಂದೆ ಹೇಳಿದೆ, ನಾನು ಇಂಜಿನಿಯರ್ ಅಲ್ಲ ಎಂದು. ಯಾರಿಗೂ ಅಚ್ಚರಿಯಾಗಲಿಲ್ಲ. ದಾರಿಯನ್ನು ಎಡಕ್ಕೆ ಮುನ್ನೂರ ನಲವತ್ತು ಮೀಟರು ಸುತ್ತಿಸಿ ಹೊಸದಾಗಿ ಮಾಡಿದೆವು.

ಮುಂದಿನ ಮಳೆಗಾಲದಲ್ಲಿ ಹುಸೇನ್ ಸಾಬರು ತೀರಿಕೊಂಡರು. ನನ್ನ ಸ್ವಂತದವರು ಹೋದಷ್ಟೇ ದುಃಖವಾಯಿತು. ಕೊಯ್ಲು ಮುಗಿದ ಮೇಲೆ ಮಳೆಗೆ ಕೆಟ್ಟ ದಾರಿಯನ್ನು ರಿಪೇರಿ ಮಾಡಲು ಅದೇ ತಂಡದೊಂದಿಗೆ ಗುಡ್ಡ ಹತ್ತಿದೆ. ಮೊದಲ ದಿನ ಎಲ್ಲರಿಗಿಂತ ಮುಂದೆ ನಾನು ಮತ್ತು ಯಲ್ಲಮ್ಮ. ಹೊಸ ದಾರಿಯ ಮೂರನೇ ತಿರುವಿನಲ್ಲಿ, ಆಳೆತ್ತರದ ಒಂದು ಬಂಡೆಯ ಬುಡದಲ್ಲಿ, ಸುಣ್ಣದ ಗೆರೆಯಿತ್ತು. ಹೆಬ್ಬೆರಳಿನ ಅಗಲ. ತುದಿ ಎಡಕ್ಕೆ ಕೊಕ್ಕೆಯಾಗಿ ತಿರುಗಿತ್ತು. ನಡುವೆ ಒಂದೇ ಸೀಳು.

“ನೀ ಹಚ್ಚಿದ್ದಾ ಯಲ್ಲಮ್ಮಾ?”

“ನಾ ಎಲ್ಲಿ ಹಚ್ಚಲ್ರಿ. ನೀವ ಹಚ್ಚೀರಿ ಅಂದ್ಕೊಂಡೆ.”

ನಾನು ಬಗ್ಗಿ ಬೆರಳಿನಿಂದ ಗೆರೆ ಮುಟ್ಟಿ ನೋಡಿದೆ. ಸುಣ್ಣ ಹಳೆಯದಲ್ಲ, ಮಳೆ ಬಿದ್ದ ಗುರುತೇ ಅದರ ಮೇಲಿರಲಿಲ್ಲ. ತಂಡದವರನ್ನು ವಿಚಾರಿಸೋಣ ಎನಿಸಿತು. ಆಮೇಲೆ ಯಲ್ಲಮ್ಮ ಹಿಂದೊಮ್ಮೆ ಹೇಳಿದ ಮಾತು ನೆನಪಾಗಿ, ಯಾರ ಕೈ ಎಂದು ಹುಡುಕಲು ಹೋಗಲಿಲ್ಲ.

ಈ ಕೆಲಸ ನನಗೆ ಕಲಿಸಿದ್ದು ಇಷ್ಟೇ: ದಾರಿ ಮಾಡುವವನು ಎಲ್ಲಿ ಹೋಗಬೇಕು ಎನ್ನುವುದಕ್ಕಿಂತ ಎಲ್ಲಿ ಹೋಗಬಾರದು ಎಂದು ಮೊದಲು ತಿಳಿಯಬೇಕು, ಮತ್ತು ಅದನ್ನು ಎದುರಿಗಿದ್ದವರ ಮಾತಿನಲ್ಲೇ ಹೇಳಲು ಬರಬೇಕು. ಮೂರನೇ ತಿರುವಿನ ಆ ಬಂಡೆ ಇನ್ನೂ ಬಿದ್ದಿಲ್ಲ. ನಮ್ಮ ದಾರಿ ಮಾತ್ರ ಅದನ್ನು ಬಿಟ್ಟು ಮೂವತ್ತು ಮೀಟರು ಸುತ್ತಿ ಹೋಗುತ್ತದೆ.