ರತ್ನವ್ವನ ಎರಡನೇ ನಂಬರು

ಆಗ ನಮ್ಮೂರಿಗೆ ಕರೆಂಟು ಬಂದಿರಲಿಲ್ಲ, ಇಂಗ್ಲಿಷು ಮಾತ್ರ ಬಂದಿತ್ತು. ಎಪ್ಪತ್ತರ ದಶಕದ ನಡುವಿನ ಮಾತು. ಬಬಲೇಶ್ವರದ ಕಡೆಯ ಸಣ್ಣ ಊರು, ಏಳನೇ ಇಯತ್ತೆಯವರೆಗೆ ಮಾತ್ರ ಸಾಲಿ. ಪಾಟಿಯ ಮೇಲೆ ಉಗುಳಿ ಒರೆಸಿ ಬೆಳೆದ ನನ್ನ ವಯಸ್ಸಿನವರಿಗೆ ನೆನಪಿರಬೇಕು, ಇಂಗ್ಲಿಷ್ ಬಲ್ಲ ಮಾಸ್ತರು ಎಂದರೆ ಊರಿಗೆ ಅರ್ಧ ದೇವರು. ನಮ್ಮ ಮಾಸ್ತರು ದಿನಕ್ಕೊಂದು ಇಂಗ್ಲಿಷ್ ನುಡಿಗಟ್ಟನ್ನು ಬೋರ್ಡಿನ ಮೂಲೆಯಲ್ಲಿ ಬರೆಯುತ್ತಿದ್ದರು. ಅದರ ಅರ್ಥ ಹೇಳಿ, ನಮ್ಮಿಂದ ವಾಕ್ಯ ಮಾಡಿಸಿ, ಹತ್ತು ಸಲ ಒದರಿಸುತ್ತಿದ್ದರು. ಒಂದನ್ನು ಬಿಟ್ಟು ಉಳಿದವೆಲ್ಲ ನನಗೆ ಮರೆತುಹೋಗಿವೆ.

ರತ್ನವ್ವ ನನ್ನ ಗೆಳತಿ. ಅವಳ ಮನೆ ಊರ ಹೊರಗಿನ ಕೇರಿಯಲ್ಲಿತ್ತು. ಆ ಕೇರಿಗೆ ನಾವು ಆಗ ಬಾಯಿ ತುಂಬ ಕರೆಯುತ್ತಿದ್ದ ಹೆಸರನ್ನು ಇಲ್ಲಿ ಬರೆಯಲು ನಾಚಿಕೆಯಾಗುತ್ತದೆ. ಗಜಗದ ಆಟದಲ್ಲಿ ಅವಳನ್ನು ಸೋಲಿಸಿದವರಿಲ್ಲ, ಲೆಕ್ಕದಲ್ಲಂತೂ ಕೇಳುವುದೇ ಬೇಡ. ಚಳಿಗಾಲದಲ್ಲಿ ಜೋಳ ಹಾಲುಗಾಳಾದಾಗ ನಮ್ಮ ಹೊಲದಲ್ಲಿ ಕುಳ್ಳಿನ ಕೆಂಡದ ಮೇಲೆ ತೆನೆ ಸುಟ್ಟು, ತಿಕ್ಕಿ, ಬಿಸಿಬಿಸಿ ಸೀತನಿ ತಿನ್ನುತ್ತಿದ್ದೆವು. ಜೊತೆಗೆ ಬೆಲ್ಲ, ಶೇಂಗಾ ಹಿಂಡಿ. ಸುಟ್ಟ ಎಳೆಗಾಳಿನ ವಾಸನೆ ಎರಡು ದಿನ ಕೈಬಿಟ್ಟು ಹೋಗುತ್ತಿರಲಿಲ್ಲ. ಅಪ್ಪ ನನ್ನ ಅಂಗೈಗೆ ಸೀತನಿ ಹಾಕುತ್ತಿದ್ದ, ರತ್ನವ್ವನ ಉಡಿಗೆ ಮೇಲಿನಿಂದ ಸುರಿಯುತ್ತಿದ್ದ. ನನಗೆ ಏನೂ ಅನಿಸುತ್ತಿರಲಿಲ್ಲ. ಅನಿಸದ ಹಾಗೆಯೇ ನನ್ನನ್ನು ಬೆಳೆಸಿದ್ದರು.

ನಾವು ಏಳನೇ ಇಯತ್ತೆಯಲ್ಲಿದ್ದ ವರ್ಷ ಜನವರಿ ಇಪ್ಪತ್ತಾರರ ಧ್ವಜವಂದನೆಗೆ ಬಿಜಾಪುರದಿಂದ ದೊಡ್ಡ ಮನುಷ್ಯರೊಬ್ಬರು ಬರುವವರಿದ್ದರು. ಅವರು ಅಲ್ಲಿ ಹುಡುಗಿಯರ ಹಾಸ್ಟೆಲು ನಡೆಸುತ್ತಿದ್ದರು. ಆರು ತಿಂಗಳ ಪರೀಕ್ಷೆಯಲ್ಲಿ ಪೈಲಾ ನಂಬರು, ಅಂದರೆ ಮೊದಲ ಸ್ಥಾನ, ಬಂದ ಹುಡುಗಿಗೆ ಹಾಸ್ಟೆಲಿನಲ್ಲಿ ಪುಕ್ಕಟೆ ಸೀಟು, ಮುಂದೆ ಹೈಸ್ಕೂಲು ಎಂದು ಮೊದಲೇ ಕಾಗದ ಬರೆದಿದ್ದರು. ಸೀಟು ಒಂದೇ. ಅದು ತಪ್ಪಿದವಳಿಗೆ ಕಳೆ ತೆಗೆಯುವ ಕುರ್ಪಿ, ವರ್ಷದೊಳಗೆ ಮದುವೆ.

ಒಂದು ಸಂಜೆ ಅವ್ವ ಕೊಟ್ಟ ಮಜ್ಜಿಗೆ ಹಿಡಿದು ಮಾಸ್ತರ ಮನೆಗೆ ಹೋದೆ. ಅವರು ಹಿತ್ತಲಲ್ಲಿದ್ದರು. ಚಾಪೆಯ ಮೇಲೆ ಅಂಕಗಳ ಯಾದಿ ಬಿಚ್ಚಿಕೊಂಡೇ ಇತ್ತು. ಮೇಲೆ ರತ್ನವ್ವ, ಕೆಳಗೆ ನಾನು, ನಡುವೆ ಹನ್ನೊಂದು ಅಂಕ. ಹೊಟ್ಟೆಕಿಚ್ಚಾಗಲಿಲ್ಲ ಎಂದರೆ ಸುಳ್ಳಾದೀತು. ಆದರೆ ಸುದ್ದಿಯನ್ನು ಎಲ್ಲರಿಗಿಂತ ಮೊದಲು ಹೇಳುವ ಹುರುಪು ಅದಕ್ಕಿಂತ ದೊಡ್ಡದಿತ್ತು. ಅಲ್ಲಿಂದ ಸೀದಾ ಕೇರಿಯ ಬೇಲಿಯವರೆಗೆ ಓಡಿದೆ.

“ರತ್ನೀ, ನೀನ ಪೈಲಾ ನಂಬರ ಬೇ!”

“ಖರೇನ ಬೇ? ನಿಮ್ಮವ್ವನ ಆಣಿ ಮಾಡು.”

“ಅವ್ವನ ಆಣಿ. ನನ್ನ ಕಣ್ಣಾರೆ ನೋಡೇನಿ.”

ರೊಟ್ಟಿ ಬಡಿಯುತ್ತಿದ್ದ ಅವಳ ಅವ್ವ ಹಿಟ್ಟಿನ ಕೈಯಲ್ಲೇ ಹೊರಗೆ ಬಂದು ನನಗೆ ಲಟಿಕೆ ಮುರಿದಳು. “ನಮ್ಮ ರತ್ನಿ ಇಜಾಪುರಕ್ಕ ಹೊಕ್ಕಾಳಂತ!” ಎಂದು ಕೇರಿಗೆಲ್ಲ ಕೇಳುವ ಹಾಗೆ ಕೂಗಿದಳು.

ಯಾರೂ ಯೋಚಿಸದ ಮಾತೊಂದಿತ್ತು. ಧ್ವಜ ಹಾರಿಸಿದ ಮೇಲೆ ಪೈಲಾ ನಂಬರಿನವರು ಅತಿಥಿಗೆ ತಂಬಿಗೆ ನೀರು, ಬೆಲ್ಲ ಕೊಡಬೇಕು. ಸಾಲಿ ತೆರೆದಾಗಿನಿಂದ ನಡೆದುಬಂದ ಪದ್ಧತಿ ಅದು. ಅಲ್ಲಿಯವರೆಗೆ ಆ ಕೇರಿಯ ಮಕ್ಕಳು ಯಾರೂ ಪೈಲಾ ನಂಬರು ಬಂದಿರಲಿಲ್ಲ, ಹಾಗಾಗಿ ಪ್ರಶ್ನೆಯೇ ಎದ್ದಿರಲಿಲ್ಲ. ಕೇರಿಯ ಸಂಭ್ರಮ ಊರಿಗೆ ತಿಳಿದ ಮರುದಿನವೇ ಹಿರಿಯರು ನಾಲ್ಕು ಮಂದಿ ಮಾಸ್ತರ ಮನೆಗೆ ಹೋದರು. ಅವರಲ್ಲಿ ನಮ್ಮಪ್ಪನೂ ಇದ್ದ. ಮನೆಗೆ ಬಂದು ಅವ್ವನಿಗೆ ಹೇಳಿದ: “ಆ ಹುಡುಗಿ ಕೈಲೆ ನೀರ ಕೊಡಿಸಿದ್ರ ನಾಳೆ ಊರಾಗ ತಲಿ ಎತ್ತಿ ಅಡ್ಡ್ಯಾಡೂದು ಹ್ಯಾಂಗ? ಮಾಸ್ತರಿಗೆ ತಿಳಿಸಿ ಹೇಳಿ ಬಂದೇವಿ.”

ನೀರನ್ನು ಬೇರೆ ಯಾರ ಕೈಯಿಂದಾದರೂ ಕೊಡಿಸಿ ಅಂಕವನ್ನು ಇದ್ದ ಹಾಗೆ ಬಿಡಬಹುದಿತ್ತು. ನಮ್ಮೂರಿಗೆ ಪದ್ಧತಿ ಮುರಿಯುವುದಕ್ಕಿಂತ ಅಂಕ ತಿದ್ದುವುದು ಸುಲಭವಾಯಿತು.

ಮರುದಿನ ಮಾಸ್ತರು ಯಾದಿ ಓದಿದರು. ಮೊದಲು ನನ್ನ ಹೆಸರು. ಎರಡು ಅಂಕ ಹಿಂದೆ ರತ್ನವ್ವ. ಆಮೇಲೆ ಬೋರ್ಡಿನ ಮೂಲೆಯಲ್ಲಿ ಅಂದಿನ ನುಡಿಗಟ್ಟು ಬರೆದರು: ‘ಎ ಕ್ಲೋಸ್ ಸೆಕೆಂಡ್’.

“ಗಾಡಿ ಶರ್ಯತ್ತು ನೋಡೀರಿಲ್ಲ? ಹಿಂದಿನ ಎತ್ತಿನ ಮೂತಿ ಮುಂದಿನ ಗಾಡಿಗೆ ಇನ್ನೇನು ತಾಗಬೇಕು, ಅಷ್ಟರಾಗ ಶರ್ಯತ್ತು ಮುಗೀತದ. ಆ ಹಿಂದಿಂದಕ್ಕ ಬರೇ ಎರಡನೇ ನಂಬರ ಅಂದ್ರ ಅನ್ಯಾಯ ಆಗ್ತದ. ಕ್ಲೋಸ್ ಸೆಕೆಂಡ್ ಅನ್ಬೇಕು. ಅದು ಮಾನದ ಮಾತು. ಎಲ್ಲಾರೂ ಅನ್ರಿ, ರತ್ನವ್ವ ಕೇಮ್ ಎ ಕ್ಲೋಸ್ ಸೆಕೆಂಡ್.”

ಅನ್ಯಾಯ ಎಂಬ ಮಾತನ್ನು ಅವರು ಅಷ್ಟು ಸಲೀಸಾಗಿ ಬಳಸಿದ್ದು ಈಗಲೂ ಮೈ ಉರಿಸುತ್ತದೆ. ನಾವೆಲ್ಲ ರಾಗ ಎಳೆದು ಒದರಿದೆವು. ರತ್ನವ್ವ ಎದ್ದು ನಿಂತಳು.

“ಸರ, ನನ್ನ ಪೇಪರ ಒಮ್ಮಿ ತೋರಸ್ತೀರೇನ್ರಿ?”

“ಪೇಪರ ಎಲ್ಲಾ ಕಟ್ಟಿ ಇಟ್ಟಾತು. ಕೂಡು.”

ಅವಳು ಕೂಡಲಿಲ್ಲ. ನನ್ನ ಕಡೆ ಕೈ ತೋರಿಸಿದಳು. “ಇಕೀನ್ನ ಕೇಳ್ರಿ ಸರ. ಇಕಿ ಯಾದಿ ನೋಡ್ಯಾಳ. ಆಣಿ ಮಾಡಿ ಹೇಳ್ಯಾಳ.”

ಮಾಸ್ತರು ನನ್ನತ್ತ ತಿರುಗಿದರು. “ಏನ ನೋಡೀ ನೀ?”

ರತ್ನವ್ವ ನನ್ನ ಮುಖವನ್ನೇ ನೋಡುತ್ತಿದ್ದಳು. ಅವಳಲ್ಲಿ ಅಂಜಿಕೆಯೇ ಇರಲಿಲ್ಲ, ಅಷ್ಟು ನಂಬಿಕೆಯಿತ್ತು.

“ಇಲ್ರಿ ಸರ. ನಾ ಏನೂ ನೋಡಿಲ್ರಿ.”

ಅಪ್ಪನ ಅಂಜಿಕೆಯಿಂದ ಹಾಗೆ ಹೇಳಿದೆ ಎಂದು ಬಹಳ ವರ್ಷ ನನ್ನನ್ನೇ ನಂಬಿಸಿಕೊಂಡೆ. ಖರೇ ಹೇಳಬೇಕೆಂದರೆ ನನಗೆ ಬಿಜಾಪುರ ಬೇಕಾಗಿತ್ತು. ಆ ಕ್ಷಣದಲ್ಲಿ ಅದು ನನ್ನ ಕೈಗೆ ಎಟುಕುವಷ್ಟು ಹತ್ತಿರವಿತ್ತು.

ರತ್ನವ್ವ ಅಳಲಿಲ್ಲ. ಪಾಟಿಚೀಲ ಹೆಗಲಿಗೆ ಹಾಕಿಕೊಂಡು, ಮಾಸ್ತರನ್ನು ಕೇಳದೆ, ಹೊರಗೆ ನಡೆದಳು. ಮತ್ತೆ ಸಾಲಿಗೆ ಬರಲಿಲ್ಲ. ಜನವರಿ ಇಪ್ಪತ್ತಾರರಂದು ನಾನು ಹೊಸ ಪರಕಾರ ಉಟ್ಟು ಅತಿಥಿಗೆ ನೀರು ಕೊಟ್ಟೆ. ಅವರು ಬಿಸಿಲಲ್ಲಿ ಬಂದಿದ್ದರು, ಗಟಗಟ ಕುಡಿದರು. ಯಾರು ಕೊಟ್ಟಿದ್ದರೂ ಕುಡಿಯುತ್ತಿದ್ದರೋ ಏನೋ, ಅವರನ್ನು ಕೇಳಿದವರು ಯಾರು?

ನಾನು ಹಾಸ್ಟೆಲು ಸೇರಿದೆ, ಓದಿದೆ, ಬಿಜಾಪುರದಲ್ಲೇ ಇಂಗ್ಲಿಷ್ ಕಲಿಸುವ ಟೀಚರಾದೆ. ಆ ನುಡಿಗಟ್ಟು ಪಾಠದಲ್ಲಿ ಬಂದಾಗಲೆಲ್ಲ ಅರ್ಥ ಹೇಳಿದ್ದೇನೆ, ವಾಕ್ಯ ಮಾಡಿಸಿಲ್ಲ. ಇಪ್ಪತ್ತು ವರ್ಷಗಳ ಮೇಲೆ ಒಂದು ಜೂನಿನಲ್ಲಿ ರತ್ನವ್ವ ತನ್ನ ಮಗಳ ಹೆಸರು ಹಚ್ಚಲು ನಮ್ಮ ಹೈಸ್ಕೂಲಿಗೆ ಬಂದಳು. ತಿಕೋಟಾಕ್ಕೆ ಕೊಟ್ಟಿದ್ದರಂತೆ. ದ್ರಾಕ್ಷಿ ತೋಟದಲ್ಲಿ ಕೂಲಿ. ಬೆರಳ ತುದಿಗಳು ಔಷಧಿ ಹೊಡೆದು ಹೊಡೆದು ಬಿರಿದಿದ್ದವು. ಅವಳೇ ಮೊದಲು ಗುರುತು ಹಿಡಿದಳು. ನಾನು ಅವಳನ್ನು ಮೂಲೆಗೆ ಕರೆದುಕೊಂಡು ಹೋಗಿ, ಇಷ್ಟು ವರ್ಷ ಯಾರಿಗೂ ಹೇಳದ್ದನ್ನು ಹೇಳಿದೆ.

“ರತ್ನೀ, ಅವತ್ತ ನಾ ಸುಳ್ಳ ಹೇಳಿದೆ. ನಿನ್ನ ಸೀಟು ನಾ ತಗೊಂಡೆ.”

ಅವಳು ಸೆರಗು ಸರಿಪಡಿಸಿಕೊಂಡಳು. ದನಿಯಲ್ಲಿ ಸಿಟ್ಟೇನೂ ಇರಲಿಲ್ಲ.

“ನೀವು ಖರೇ ಹೇಳಿದ್ರೂ ಆ ಸೀಟು ನನಗ ಕೊಡ್ತಿದ್ದಿಲ್ರಿ ಅಕ್ಕೋರ. ಅದು ನನಗ ಆಗನ ಗೊತ್ತಿತ್ತು. ನೀವಾದ್ರೂ ಹೇಳ್ತೀರಿ ಅಂತ ತಿಳದಿದ್ದೆ, ಅಷ್ಟ.” ಆಮೇಲೆ ಮಗಳ ಕೈ ಹಿಡಿದಳು. “ಬಸ್ಸಿನ ಹೊತ್ತಾತು. ಬರ್ತೀನ್ರಿ.”

ಮಾಸ್ತರು ಹೋದರು, ಅಪ್ಪನೂ ಹೋದ. ಊರಲ್ಲಿ ಈಗ ಹೈಸ್ಕೂಲೂ ಇದೆ, ಕರೆಂಟೂ ಇದೆ. ಟೀಚರಾಗಿ, ಆಮೇಲೆ ಹೆಡ್ ಟೀಚರಾಗಿ ನಾನು ಸಾವಿರ ಬಾಯಿಂದ ‘ರೀ’ ಕೇಳಿದ್ದೇನೆ. ನನ್ನನ್ನು ಸಲಿಗೆಯಿಂದ ‘ಬೇ’ ಎಂದು ಕರೆಯುತ್ತಿದ್ದ ಅಕ್ಕಂದಿರು, ಗೆಳತಿಯರು ಒಬ್ಬೊಬ್ಬರಾಗಿ ತೀರಿಕೊಂಡರು. ಹಾಗೆ ಕರೆಯಬಲ್ಲವಳು ಇನ್ನೊಬ್ಬಳೇ ಉಳಿದಿದ್ದಾಳೆ, ತಿಕೋಟಾದಲ್ಲಿ. ಅವಳು ಕರೆಯುವುದಿಲ್ಲ.