ಗಾಯಕ್ಕೆ ಪುಟ್ಟಿ

ಹೊಸಕೋಟೆಯಲ್ಲಿ ಕಾರುಗಳ ಟಿಂಕರಿಂಗ್ ಮಾಡುವ ಇನ್ನಾಸಪ್ಪನ ಕಣ್ಣಿಗೆ ಒಂದು ತಗ್ಗು ಬಿದ್ದರೆ ಸಾಕು, ಅದರ ಕಥೆ ಮುಗಿಯಿತು. ಒಂದು ಜೇಬಿನಲ್ಲಿ ತಗ್ಗು ತುಂಬುವ ಪುಟ್ಟಿಯ ಡಬ್ಬಿ, ಇನ್ನೊಂದರಲ್ಲಿ ಸ್ಯಾಂಡ್ ಪೇಪರ್. ಹೆಣ್ಣು ನೋಡಲು ಹೋದ ಮನೆಯಲ್ಲೂ ಉಪ್ಪಿಟ್ಟು ಬಿಟ್ಟು ಗೋಡೆಯ ಬಿರುಕು ಮುಚ್ಚಿ ಬಂದವನು. "ಗೀರು ಕಂಡ್ರೆ ನಂಗೆ ಅನ್ನ ಸೇರಲ್ಲ ಕಣಣ್ಣ" ಎನ್ನುತ್ತ, ಏಪ್ರಿಲ್ ಬಿಸಿಲಲ್ಲೂ ತುಂಬುತೋಳಿನ ಅಂಗಿಯ ಮಣಿಕಟ್ಟಿನ ಗುಂಡಿ ಬಿಚ್ಚದ ಶೋಕಿಲಾಲ. ಈ ಸಲ ಈಸ್ಟರ್‌ಗೆಂದು ಚರ್ಚಿನವರು ಪುನರುತ್ಥಾನದ ಯೇಸುವಿನ ಪ್ರತಿಮೆಗೆ ಬಣ್ಣ ಬಳಿಯಲು ಕೊಟ್ಟರೆ, ಮಹಾನುಭಾವ ಅಂಗೈಯ ಮೊಳೆಗಾಯಗಳಿಗೂ ಪಕ್ಕೆಯ ಈಟಿಗಾಯಕ್ಕೂ ಪುಟ್ಟಿ ತುಂಬಿ, ಷೋರೂಮ್ ಕಾರಿನಂತೆ ಹೊಳೆಸಿಬಿಟ್ಟ! ಕಂಡದ್ದೇ ತಡ, ಚರ್ಚಿಗೆ ಹೂ ಕಟ್ಟುವ ಲೂರ್ದಮ್ಮಜ್ಜಿ ಬುಟ್ಟಿ ಕುಕ್ಕಿದಳು: "ಲೋ ಮುಠ್ಠಾಳ, ಸಾವನ್ನೇ ಗೆದ್ದು ಬಂದೋನಿಗೆ ಗಾಯ ಮಾಯಿಸ್ಕೊಳ್ಳೋಕೆ ಬರ್ತಿರ್ಲಿಲ್ವಾ? ನಾನೇ ಕಣ್ರೋ ಅಂತ ಶಿಷ್ಯರಿಗೆ ಅದನ್ನೇ ತೋರಿಸ್ದ. ನಾಚ್ಕೊಳ್ಳೋದಲ್ಲ ಕಣೋ ಅದು, ಪ್ರೀತಿ ಗುರುತು. ಕೆರೆದು ತೆಗಿ!" ಇನ್ನಾಸಪ್ಪ ಜೇಬಿನ ಸ್ಯಾಂಡ್ ಪೇಪರ್ ತೆಗೆದು ಪುಟ್ಟಿಯನ್ನೆಲ್ಲ ಕೆರೆದ. ಈಸ್ಟರ್ ಮಧ್ಯಾಹ್ನ ಊಟದ ಪಂಕ್ತಿಯಲ್ಲಿ ಅವನು ಎಂದೂ ಇಲ್ಲದಂತೆ ಅಂಗಿಯ ತೋಳನ್ನು ಮೊಣಕೈವರೆಗೆ ಮಡಚಿ ಕೂತಿದ್ದ. ಮಣಿಕಟ್ಟಿನಿಂದ ಮೇಲೆ ಚರ್ಮವೆಲ್ಲ ಎಂದೋ ಸುಟ್ಟು ಸುಕ್ಕುಗಟ್ಟಿತ್ತು. ಬಡಿಸುವವನ ಕೈ ಅಲ್ಲೇ ನಿಂತಿತು. "ಹಳೇ ಗೀರು ಕಣಪ್ಪಾ, ಇರ್ಲಿ ಬಿಡು," ಎಂದ ಇನ್ನಾಸಪ್ಪ, "ನೀನು ಅನ್ನ ಹಾಕು!"