ತಾಯಿ ಕಡೆಯ ಹೆಪ್ಪು

ಆ ಬಟ್ಟಲಿಗೆ ನೀಲಿ ಅಂಚಿತ್ತೆಂದು ನನ್ನ ನೆನಪು, ತಪ್ಪಿದ್ದರೂ ತಪ್ಪಿರಬಹುದು. ಅವ್ವನನ್ನು ಕೇಳಿದರೆ, ಅದು ಸ್ಟೀಲಿನದು, ಬಣ್ಣ ಎಲ್ಲಿಂದ ಬರಬೇಕು ಎನ್ನುತ್ತಾಳೆ. ಅವಳು ಮದುವೆಯಾಗಿ ಧಾರವಾಡದಿಂದ ಕುರ್ಲಾದ ಚಾಳಿಗೆ ಬಂದಾಗ ಅಜ್ಜಿ ಅದರಲ್ಲಿ ಮೊಸರಿನ ಹೆಪ್ಪು ಕಟ್ಟಿಕೊಟ್ಟಿದ್ದಳೆಂಬಲ್ಲಿ ಮಾತ್ರ ನಮ್ಮಿಬ್ಬರ ನೆನಪು ಕೂಡುತ್ತದೆ. ನಾನಾಗ ಹುಟ್ಟಿಯೇ ಇರಲಿಲ್ಲವಾದ್ದರಿಂದ ನನ್ನ ಸಾಕ್ಷಿಗೆ ಎಷ್ಟು ಬೆಲೆ, ನೀವೇ ಹೇಳಿ.

ಹೆಪ್ಪು ವಿಚಿತ್ರವಾದ ಆಸ್ತಿ. ನಿನ್ನೆಯ ಮೊಸರಿನ ಒಂದು ಚಮಚ ಇಂದಿನ ಹಾಲಿಗೆ ಬಿದ್ದು ನಾಳೆಯ ಮೊಸರಾಗುತ್ತದೆ. ಮನೆ ಬದಲಾದರೂ ಅದರ ವಂಶ ಮುರಿಯುವುದಿಲ್ಲ. ನನ್ನ ಮದುವೆಯಾದಾಗ ಅದು ನನ್ನ ತೊಡೆಯ ಮೇಲೆ ಕೂತು ಲೋಕಲ್‌ನಲ್ಲಿ ಮುಲುಂಡ್‌ಗೆ ಬಂತು. "ಹೆಪ್ಪು ಹಾಕಿದ ಮ್ಯಾಲೆ ಅಳ್ಳಾಡಿಸಬ್ಯಾಡ. ನಿನಗ ತಡಕೊಳ್ಳಾಕ ಬರಂಗಿಲ್ಲ, ಮುಚ್ಚಳಾ ತಗದು ತಗದು ನೋಡ್ತಿ," ಎಂದು ಅವ್ವ ಹಂಗಿಸಿದ್ದಳು. ಈಗ ಅವಳ ಕೈಯೇ ನಿಲ್ಲುವುದಿಲ್ಲ. ಪಾರ್ಕಿನ್ಸನ್ಸ್. ಹೆಪ್ಪು ನನ್ನ ಮನೆಯಿಂದ ತಿರುಗಿ ಕುರ್ಲಾಕ್ಕೆ ಹೋಗುತ್ತದೆ, ಹಾಲಿಗೆ ಬೆರೆಸುವವಳೂ ನಾನೇ.

ಜೀವಕೋಶದೊಳಗೆ ಮೈಟೋಕಾಂಡ್ರಿಯಾ ಎಂಬ ಕಣಗಳಿವೆ, ಉಂಡ ಅನ್ನವನ್ನು ಶಕ್ತಿಯಾಗಿಸುವುದು ಅವುಗಳ ಕೆಲಸ ಎಂದು ಪರೇಲಿನ ಡಾಕ್ಟರು ತಿಳಿಸಿದರು. ಮಿದುಳಿನ ನರಕೋಶಗಳ ಹಸಿವು ದೊಡ್ಡದು. ಕಣಗಳು ಸೊರಗಿ, ಕೆಟ್ಟುಹೋದವನ್ನು ಹೊರಹಾಕುವ ವ್ಯವಸ್ಥೆಯೂ ಕುಂಟಿದರೆ, ಕೈಕಾಲಿನ ಚಲನೆಯನ್ನು ಹದವಾಗಿಡುವ ಕೋಶಗಳು ಎಣ್ಣೆ ತೀರಿದ ದೀಪಗಳಂತೆ ಒಂದೊಂದಾಗಿ ಆರುತ್ತವಂತೆ. ಅದೇ ಮೂಲ ಕಾರಣವೋ, ಹಲವು ಕಾರಣಗಳಲ್ಲಿ ಒಂದೋ, ಇನ್ನೂ ಪೂರ್ತಿ ತಿಳಿದಿಲ್ಲವಂತೆ. ಮನೆಗೆ ಬಂದು ಓದಿದೆ: ಈ ಕಣಗಳು ಅನಾದಿ ಕಾಲದಲ್ಲಿ ಸ್ವತಂತ್ರ ಬ್ಯಾಕ್ಟೀರಿಯಾಗಳಾಗಿದ್ದವು, ಮೊಸರಿನವುಗಳ ದೂರದ ನೆಂಟರು, ಮತ್ತು ಅವು ನಮಗೆ ಬರುವುದು ತಾಯಿಯಿಂದ ಮಾತ್ರ.

ಹಾಗಾದರೆ ಕಾಯಿಲೆಯೂ ತಾಯಿಯಿಂದಲೇ ಬರುತ್ತದೆಯೇ ಎಂದು ಮುಂದಿನ ಸಲ ಕೇಳಿದಾಗ ಮಂಗಳೂರು ಕಡೆಯವರಾದ ಡಾಕ್ಟರು ನಕ್ಕರು. "ಹಾಗೆ ಸೀದಾ ಲೆಕ್ಕ ಅಲ್ಲ ಮಾರಾಯ್ರೆ. ಹೆಚ್ಚಿನವರಿಗೆ ಈ ಕಾಯಿಲೆ ತಾಯಿಯಿಂದ ಬಂದದ್ದೇ ಅಲ್ಲ. ಮೊಬೈಲಲ್ಲಿ ಓದಿ ಓದಿ ಹೆದರ್ಬೇಡಿ."

ಬುದ್ಧಿ ಒಪ್ಪಿತು. ಆದರೆ ಕೆಲವು ವಾರಗಳ ಹಿಂದೆ, ಠಾಣೆಯಲ್ಲಿ ಹೊಸ ಮನೆ ಹೂಡಿರುವ ಮಗಳು ಫೋನ್ ಮಾಡಿ, "ಮಮ್ಮಿ, ಥೋಡಾ ಹೆಪ್ಪು ದೇ ನಾ. ಪ್ಯಾಕೆಟ್‌ದು ಟೇಸ್ಟೇ ಇಲ್ಲ," ಎಂದಾಗ, ಮೊಸರಿಗೆ ಇಳಿಸಿದ ಚಮಚ ಅಲ್ಲೇ ನಿಂತಿತು. ಮೊಸರಿನ ಜೊತೆ ಇನ್ನೇನನ್ನು ನಾನು ಅವಳಿಗೆ ಆಗಲೇ ಕೊಟ್ಟುಬಿಟ್ಟಿದ್ದೇನೆ?

ನಮ್ಮ ಮನೆಯಲ್ಲೊಂದು ಮಾತಿದೆ: ಭಜನೆ ಮುಗಿದ ಮೇಲೂ ಅಜ್ಜಿಯ ಬೆರಳು ತಾಳ ಹಾಕುತ್ತಲೇ ಇರುತ್ತಿತ್ತು, ಅಷ್ಟು ಭಕ್ತಿ. ಬಾಲ್ಯದಿಂದ ಹೆಮ್ಮೆಯಿಂದ ಕೇಳಿದ ಆ ಮಾತು ಈಗ ಎದೆಯಲ್ಲಿ ತಣ್ಣಗೆ ಕೂತಿದೆ. ಅಜ್ಜಿಯನ್ನು ನಾನು ಕಂಡವಳಲ್ಲ. ಅವ್ವನ ನೆನಪು ಈಚೆಗೆ ದಿನಕ್ಕೊಂದು ಬಣ್ಣದ್ದು. ಉಳಿದವಳು ಡೊಂಬಿವಲಿಯಲ್ಲಿರುವ ಅವ್ವನ ತಂಗಿ, ಶಾಂತಾ ಮಾವಶಿ. ಹೆಪ್ಪು ಒಯ್ಯುವ ನೆಪದಲ್ಲಿ ಹೋದೆ.

"ನಿಮ್ಮವ್ವನಕಿಂತ ನಿನ್ನ ಮೊಸರ ಛಲೋ ಆಗ್ತದ. ಆಕಿಗೆ ಹೇಳಬ್ಯಾಡ ಮತ್ತ, ಮಾತು ಬಿಟ್ಟಾಳು," ಎಂದು ನಗುತ್ತ ಮಾವಶಿ ಎಡಗೈಯಿಂದ ಅನ್ನ ಬಡಿಸಿದಳು. ಬಲಗೈ ಸೆರಗಿನೊಳಗೇ ಇತ್ತು. ಚಳಿಗೋ, ಅಭ್ಯಾಸಕ್ಕೋ, ಅಥವಾ ಆಮೇಲೆ ನಾನೇ ಸೇರಿಸಿಕೊಂಡ ನೆನಪೋ. ಅಡುಗೆಮನೆಯ ಕಟ್ಟೆಯ ಮೇಲೆ ನಾನು ತಂದ ಬಟ್ಟಲು ಅಲುಗಾಡದೆ ಕೂತಿತ್ತು. ಮಗಳಿಗೆಂದು ತೆಗೆದಿಟ್ಟ ಅಂಥದೇ ಇನ್ನೊಂದು ನನ್ನ ಮನೆಯಲ್ಲಿ, ಇವತ್ತಿಗೂ ಕೊಡದೆ, ಹುಳಿಯಾಗುತ್ತಿದೆ.

ಊಟದ ನಡುವೆ ಕೇಳಿದೆ. ಮಾವಶಿ ನನ್ನ ತಟ್ಟೆಗೆ ಇನ್ನಷ್ಟು ಮೊಸರು ಹಾಕಿ ಕಿಟಕಿಯತ್ತ ತಿರುಗಿದಳು. ಆಮೇಲೆ ಎಷ್ಟು ಸಲ ಫೋನ್ ಮಾಡಿದರೂ ಅವ್ವನ ಕ್ಷೇಮವನ್ನಷ್ಟೇ ವಿಚಾರಿಸಿದ್ದಾಳೆ. ನಾನು ಕೇಳಿದ್ದು ಇಷ್ಟೇ:

"ಮಾವಶಿ, ಖರೇ ಹೇಳು. ಅಜ್ಜಿ ಬೆರಳು ತಾಳಾ ಹಾಕತಿತ್ತೋ, ನಡಗತಿತ್ತೋ?"